ಹಿತ್ತಲೂ ಒಂದು ಜೀವನೆಲೆ: ಮನೆಯಂಗಳದ ಜೀವವೈವಿಧ್ಯ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಉಪನ್ಯಾಸದ ಪಠ್ಯ)



ಪಂಚಾಯಿತಿಯ ಸಭೆಗಳಲ್ಲಿ ರಸ್ತೆ, ಚರಂಡಿ, ಕುಡಿಯುವ ನೀರು, ಬೀದಿದೀಪ, ಇ-ಸ್ವತ್ತು ಇವುಗಳ ಚರ್ಚೆಗೇ ಸಮಯ ಸಾಲದು. ಇಂತಹ ಕಾರ್ಯಭಾರದ ನಡುವೆ ಮನೆಯ ಹಿತ್ತಲಿನಲ್ಲಿ ಹಕ್ಕಿ, ಚಿಟ್ಟೆ, ಕಪ್ಪೆಗಳಿಗೆ ಜಾಗ ಮಾಡಿಕೊಡುವ ಮಾತನ್ನು ಎತ್ತಿದರೆ ಅದು ಬಿಡುವುಳ್ಳವರ ಹವ್ಯಾಸದಂತೆ ತೋರಬಹುದು. ಬೆಂಗಳೂರು ಪೂರ್ವ ತಾಲ್ಲೂಕಿನ ಗ್ರಾಮಗಳ ಮಟ್ಟಿಗೆ ಅದು ಹವ್ಯಾಸದ ವಿಷಯವಲ್ಲ. ಕಟ್ಟಡ ಪರವಾನಗಿ, ಅಂತರ್ಜಲ, ಸೊಳ್ಳೆ, ಇಲಿ, ತರಕಾರಿಯ ಇಳುವರಿ ಇವೆಲ್ಲವುಗಳ ಜೊತೆಗೆ ಹೆಣೆದುಕೊಂಡ ವಿಷಯ.

ಈ ಉಪನ್ಯಾಸದ ತಿರುಳು ಇಷ್ಟೇ. ಒಂದು ಮನೆಯ ಹಿತ್ತಲು ಕೆಲವು ಗಿಡಗಳ ಜಾಗ ಮಾತ್ರ. ಅಕ್ಕಪಕ್ಕದ ನೂರು ಮನೆಗಳ ಹಿತ್ತಲು ಸೇರಿದರೆ ಅದು ತೋಪು. ಹಿತ್ತಲನ್ನು ಕಾಯುವುದು ಮನೆಯವರ ಕೆಲಸ. ಹಿತ್ತಲಿಗೆ ಹಿತ್ತಲನ್ನು ಜೋಡಿಸುವುದು ಪಂಚಾಯಿತಿಯ ಕೆಲಸ.

ಹಿತ್ತಲು ಎಂದರೇನು?

ಕನ್ನಡ ನಾಡಿನ ಹಳ್ಳಿಗಳಲ್ಲಿ ಹಿತ್ತಲು ಎಂಬುದು ಮನೆಯ ಹಿಂದೆ ಉಳಿದ ಖಾಲಿ ಜಾಗವಲ್ಲ, ಮನೆಯ ಒಂದು ಅಂಗ. ಬಚ್ಚಲಿನ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸುವು, ಬಾವಿಯ ಬಳಿ ಕರಿಬೇವು ಮತ್ತು ನಿಂಬೆ, ಬೇಲಿಯ ಉದ್ದಕ್ಕೂ ದಾಸವಾಳ, ಲಕ್ಕಿ, ಆಡುಸೋಗೆ, ಮೂಲೆಯಲ್ಲಿ ನುಗ್ಗೆ, ಸೀಬೆ ಅಥವಾ ಸೀತಾಫಲ, ಒಂದು ಕಡೆ ತಿಪ್ಪೆ, ಇನ್ನೊಂದು ಕಡೆ ಸೌದೆಯ ರಾಶಿ. ಇದನ್ನು ಯಾರೂ ವನ್ಯಜೀವಿಗಳಿಗಾಗಿ ಮಾಡಿದ್ದಲ್ಲ. ಆದರೂ ಬಾಳೆಯ ಹೂವಿಗೆ ಸೂರಕ್ಕಿ ಬರುತ್ತಿತ್ತು, ನಿಂಬೆಯ ಎಲೆಯ ಮೇಲೆ ಚಿಟ್ಟೆ ಮೊಟ್ಟೆ ಇಡುತ್ತಿತ್ತು, ಸೌದೆಯ ಸಂದಿಯಲ್ಲಿ ಓತಿಕ್ಯಾತ ಮತ್ತು ನೆಲಗಪ್ಪೆ ಇರುತ್ತಿದ್ದವು. ಹೆಂಚಿನ ಮನೆಯ ತೊಲೆಗಳ ಸಂದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು.

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಹತ್ತಿರದಲ್ಲಿರುವುದಕ್ಕೆ ಬೆಲೆ ಕೊಡದ ಸ್ವಭಾವವನ್ನು ಆ ಗಾದೆ ಆಡಿಕೊಳ್ಳುತ್ತದೆ. ಇಂದು ಗಿಡಕ್ಕಷ್ಟೇ ಅಲ್ಲ, ಹಿತ್ತಲಿಗೇ ಆ ಗತಿ ಬಂದಿದೆ. ಹೊಸ ಮನೆ ಕಟ್ಟುವಾಗ ಮೊದಲು ಹೋಗುವುದು ಹಿತ್ತಲು. ಉಳಿದ ಮೂರಡಿ ನೆಲಕ್ಕೂ ಸಿಮೆಂಟ್ ಬೀಳುತ್ತದೆ.

ದಂಡಿನ ಪ್ರದೇಶ ಕಲಿಸುವ ಪಾಠ

ಹಿತ್ತಲು ಹೋದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಹಳೆಯ ಮದ್ರಾಸು ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಸಾಕು. ಕೃಷ್ಣರಾಜಪುರ, ಇಂದಿರಾನಗರ, ಹಲಸೂರು, ಶಿವಾಜಿನಗರ ಹೀಗೆ ಒಂದೊಂದು ಪ್ರದೇಶವೂ ನಗರದ ಬೆಳವಣಿಗೆಯ ಒಂದೊಂದು ಕಾಲಘಟ್ಟವನ್ನು ತೋರಿಸುತ್ತದೆ.

ಬೆಂಗಳೂರಿನ ದಂಡು ಪ್ರದೇಶ 1809ರಲ್ಲಿ ಸ್ಥಾಪನೆಯಾಯಿತು. ಅಲ್ಲಿನ ಬಂಗಲೆಗಳು ವಿಶಾಲವಾದ ಆವರಣದ ನಡುವೆ ಇರುತ್ತಿದ್ದವು. 1898ರ ಪ್ಲೇಗಿನ ತರುವಾಯ, ಇಕ್ಕಟ್ಟಾದ ವಸತಿಯೇ ರೋಗಕ್ಕೆ ದಾರಿ ಎಂಬ ಅರಿವಿನಿಂದ, ಗಾಳಿ ಬೆಳಕಿಗೆ ಅವಕಾಶವಿರುವ ಹೊಸ ಬಡಾವಣೆಗಳನ್ನು ಯೋಜಿಸಲಾಯಿತು. 1910ರಲ್ಲಿ ಆರಂಭವಾದ ಫ್ರೇಜರ್ ಟೌನ್ ಅಂತಹುದು. ಮನೆಯ ಸುತ್ತ ತೆರೆದ ನೆಲ ಇರಬೇಕೆಂಬುದು ಅಲ್ಲಿ ಅಲಂಕಾರದ ಮಾತಾಗಿರಲಿಲ್ಲ, ಆರೋಗ್ಯದ ಮಾತಾಗಿತ್ತು. ಒಂದು ಆವರಣದ ಮಾವು ಇನ್ನೊಂದು ಆವರಣದ ಮಳೆಮರವನ್ನು ಮುಟ್ಟುತ್ತಿದ್ದುದರಿಂದ ಅಳಿಲು, ಗಿಳಿ, ಗೂಬೆಗಳಿಗೆ ಬೀದಿಯಿಂದ ಬೀದಿಗೆ ಮರದ ಮೇಲೆಯೇ ದಾರಿ ಇತ್ತು.

ಮುಂದೆ ಒಂದೊಂದಾಗಿ ಬಂಗಲೆಗಳು ಉರುಳಿ, ಆವರಣಗಳು ಹೋಳಾಗಿ, ಬಹುಮಹಡಿ ಕಟ್ಟಡಗಳು ಎದ್ದವು. ಯಾವ ಮಾಲೀಕನೂ ಇಡೀ ಬಡಾವಣೆಯ ಹಸಿರನ್ನು ತೆಗೆಯಲಿಲ್ಲ. ಪ್ರತಿಯೊಬ್ಬನೂ ತನ್ನ ನಿವೇಶನದ್ದನ್ನು ಮಾತ್ರ ತೆಗೆದನು. ಕೊನೆಗೆ ದೊಡ್ಡ ಮರಗಳು ಸಾರ್ವಜನಿಕ ಜಾಗಗಳಲ್ಲಿಯೂ ಸೇನೆ ಮತ್ತು ರೈಲ್ವೆಯ ಆವರಣಗಳಲ್ಲಿಯೂ ಹೆಚ್ಚಾಗಿ ಉಳಿದವು. ಆದ್ದರಿಂದಲೇ 2025ರಲ್ಲಿ ದಂಡು ರೈಲು ನಿಲ್ದಾಣದ ಬಳಿಯ ರೈಲ್ವೆ ವಸತಿ ಆವರಣದ 8.61 ಎಕರೆಯಲ್ಲಿರುವ 368 ಮರಗಳ ಪ್ರಶ್ನೆ ಬಂದಾಗ ನಾಗರಿಕರು ದೊಡ್ಡ ಸಂಖ್ಯೆಯಲ್ಲಿ ದನಿ ಎತ್ತಿದರು. ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಪ್ರಕ್ರಿಯೆಗೆ ರಾಜ್ಯ ಸರ್ಕಾರ ಚಾಲನೆ ನೀಡಿತು. ಒಂದು ಕಾಲದಲ್ಲಿ ಮನೆ ಮನೆಯಲ್ಲಿದ್ದುದನ್ನು ಈಗ ಒಂದು ಆವರಣದಲ್ಲಿ ಉಳಿಸಿಕೊಳ್ಳಲು ಹೋರಾಡಬೇಕಾಗಿದೆ.

ಇಂದಿರಾನಗರ 1970ರ ದಶಕದ ನಂತರ ತುಂಬಿಕೊಂಡ ಬಡಾವಣೆ. ಮರಗಳ ನೆರಳಿನ ಒಂಟಿ ಮನೆಗಳಿದ್ದ ಬೀದಿಗಳಲ್ಲಿ ಈಗ ಅಂಗಡಿ ಮಳಿಗೆಗಳಿವೆ. ಕೃಷ್ಣರಾಜಪುರ ಮತ್ತು ಮಹದೇವಪುರ ನಗರಸಭೆಗಳು 2007ರಲ್ಲಿ ಸುತ್ತಲಿನ ಗ್ರಾಮಗಳೊಡನೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಸೇರಿದವು. ಆಗ ಪಾಲಿಕೆಗೆ ಸೇರಿದ ಹಳ್ಳಿಗಳ ಸಂಖ್ಯೆ ನೂರನ್ನು ಮೀರಿತ್ತು. ಕಳೆದ ಪೀಳಿಗೆಯಲ್ಲಿ ಆ ಹಳ್ಳಿಗಳು ನಿಂತಿದ್ದ ಜಾಗದಲ್ಲಿಯೇ ಇಂದು ಬಿದರಹಳ್ಳಿ, ವರ್ತೂರು ಕಡೆಯ ಗ್ರಾಮಗಳು ನಿಂತಿವೆ. ವ್ಯತ್ಯಾಸ ಒಂದೇ. ಮುಂದೆ ಏನಾಗಲಿದೆ ಎಂಬುದು ಈ ಗ್ರಾಮಗಳಿಗೆ ಮೊದಲೇ ತಿಳಿದಿದೆ. ನಾಳೆ ಗ್ರಾಮವು ನಗರಕ್ಕೆ ಸೇರಿದರೂ ಇಂದು ಪಂಚಾಯಿತಿ ಉಳಿಸಿದ ತೆರೆದ ನೆಲ ಅಲ್ಲಿಯೇ ಇರುತ್ತದೆ. ಇಂದು ಮುಚ್ಚಿದ ನೆಲವನ್ನು ನಾಳೆ ಯಾವ ಪಾಲಿಕೆಯೂ ಬಿಡಿಸಲಾರದು.

ಸಣ್ಣ ಕೈತೋಟದಲ್ಲಿ ಏನಿರುತ್ತದೆ?

ಮನೆಯ ಸುತ್ತಲಿನ ಅಷ್ಟು ಸಣ್ಣ ಜಾಗದಲ್ಲಿ ಜೀವಿಗಳಾದರೂ ಎಷ್ಟು ಇದ್ದಾವು ಎಂಬ ಸಂದೇಹ ಸಹಜ. ಬೆಂಗಳೂರಿನಲ್ಲಿಯೇ ಇದರ ಅಧ್ಯಯನ ನಡೆದಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹ ಸಂಶೋಧಕರು ನಗರದ 328 ಮನೆಗಳ ಕೈತೋಟಗಳನ್ನು ಪರಿಶೀಲಿಸಿದಾಗ 91 ಜಾತಿಗಳಿಗೆ ಸೇರಿದ 1,668 ಮರಗಳು ಕಂಡುಬಂದವು. ಇದೇ ತಂಡದವರು 50 ಕೈತೋಟಗಳಲ್ಲಿ ಕೀಟಗಳನ್ನು ಎಣಿಸಿ, 10 ಗಣಗಳಿಗೆ ಸೇರಿದ 2,185 ಕೀಟಗಳನ್ನು ದಾಖಲಿಸಿದರು. ಮರಗಳ ಮತ್ತು ಗಿಡಗಂಟಿಗಳ ಜಾತಿಗಳು ಹೆಚ್ಚಿದ್ದಲ್ಲಿ ಕೀಟಗಳ ವೈವಿಧ್ಯವೂ ಹೆಚ್ಚಿತ್ತು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ.

ಕೀಟ ಹೆಚ್ಚಿದರೆ ಲಾಭವೇನು ಎಂದು ಕೇಳಬಹುದು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ಹುಳುಗಳನ್ನೇ ಉಣಿಸುತ್ತದೆ. ಹುಳುವಿಲ್ಲದ ಊರಿನಲ್ಲಿ ಎಷ್ಟು ಅಕ್ಕಿ ಚೆಲ್ಲಿದರೂ ಗುಬ್ಬಚ್ಚಿಯ ಮರಿ ಬದುಕದು. ಕುಂಬಳ, ಸೋರೆ, ಹೀರೆ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಜೇನು ಅಥವಾ ದುಂಬಿ ಬಂದು ಪರಾಗವನ್ನು ಒಯ್ಯದಿದ್ದರೆ ಹೀಚು ಕಾಯಾಗದೆ ಉದುರುತ್ತದೆ. ತರಕಾರಿಯನ್ನೇ ನಂಬಿದ ರೈತ ಕುಟುಂಬಗಳಿಗೆ ಇದು ನೇರವಾಗಿ ವರಮಾನದ ಪ್ರಶ್ನೆ.

ನಾಲ್ಕು ಅಗತ್ಯಗಳು

ಅಮೆರಿಕದ ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಷನ್ ಎಂಬ ಸಂಸ್ಥೆ 1973ರಿಂದ ಮನೆಗಳ ಕೈತೋಟಗಳನ್ನು ವನ್ಯಜೀವಿಗಳ ನೆಲೆಯೆಂದು ಗುರುತಿಸಿ ಪ್ರಮಾಣಪತ್ರ ನೀಡುತ್ತಿದೆ. ಅದು ನೋಡುವ ಮುಖ್ಯ ಅಂಶಗಳು ಆಹಾರ, ನೀರು, ಆಸರೆ ಮತ್ತು ಮರಿ ಮಾಡಲು ಜಾಗ. ರಾಸಾಯನಿಕಗಳನ್ನು ಕಡಿಮೆ ಮಾಡಿ ತೋಟವನ್ನು ನಿರ್ವಹಿಸಬೇಕೆಂಬುದು ಇವುಗಳ ಜೊತೆಗಿನ ನಿಯಮ. ಹಳ್ಳಿಯ ಹಳೆಯ ಹಿತ್ತಲಿನಲ್ಲಿ ಈ ನಾಲ್ಕೂ ಇದ್ದವು ಎಂಬುದನ್ನು ಗಮನಿಸಬೇಕು.

ಮೊದಲನೆಯದು ಆಹಾರ. ಕರಿಬೇವು ಮತ್ತು ನಿಂಬೆ ಜಾತಿಯ ಗಿಡಗಳ ಎಲೆಗಳನ್ನು ತಿಂದು ನಿಂಬೆ ಚಿಟ್ಟೆಯ ಮರಿಹುಳು ಬೆಳೆಯುತ್ತದೆ. ನಾಲ್ಕು ಎಲೆ ಹುಳುವಿಗೆ ಹೋದರೆ ಗಿಡ ಸಾಯದು. ಎಕ್ಕ, ಕಣಗಿಲೆ, ಸೀತಾಫಲ ಇವೂ ಬೇರೆ ಬೇರೆ ಚಿಟ್ಟೆಗಳಿಗೆ ತೊಟ್ಟಿಲು. ತುಳಸಿ, ಕಾಮಕಸ್ತೂರಿ, ನುಗ್ಗೆ, ಹೊಂಗೆಯ ಹೂವುಗಳಿಗೆ ಜೇನು ಬರುತ್ತದೆ. ದಾಸವಾಳ ಮತ್ತು ದಾಳಿಂಬೆಗೆ ಸೂರಕ್ಕಿ, ಸೀಬೆ ಮತ್ತು ಗಸಗಸೆ ಹಣ್ಣಿಗೆ ಪಿಕಳಾರ, ಅಳಿಲು, ಬಾವಲಿ. ಜಾಗ ವಿಶಾಲವಾಗಿದ್ದಲ್ಲಿ, ಗೋಮಾಳ, ಕೆರೆಯಂಗಳದ ಅಂಚು, ತೋಪುಗಳಲ್ಲಿ ಅತ್ತಿ, ಆಲ, ಅರಳಿ, ಬಸರಿ ಇರಬೇಕು. ಈ ಜಾತಿಯ ಮರಗಳೆಲ್ಲ ಒಂದೇ ಕಾಲಕ್ಕೆ ಹಣ್ಣು ಬಿಡುವುದಿಲ್ಲ. ಆದ್ದರಿಂದ ಬೇರೆ ಹಣ್ಣಿಲ್ಲದ ತಿಂಗಳುಗಳಲ್ಲಿಯೂ ಇವು ಹಕ್ಕಿಗಳನ್ನು ಸಾಕುತ್ತವೆ. ಇವುಗಳನ್ನು ಮನೆಯ ಗೋಡೆಯ ಬಳಿ ನೆಡಬಾರದು; ಬೇರು ಪಾಯವನ್ನು ಸೀಳುತ್ತದೆ.

ಎರಡನೆಯದು ನೀರು. ಎರಡು ಅಂಗುಲಕ್ಕಿಂತ ಆಳವಿಲ್ಲದ ಮಣ್ಣಿನ ತಟ್ಟೆ, ಅದರಲ್ಲಿ ಕುಳಿತುಕೊಳ್ಳಲು ಒಂದು ಕಲ್ಲು, ಇಷ್ಟು ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಕೊಳವೆಬಾವಿಗಳು ಬತ್ತಿ ಜನರೇ ಟ್ಯಾಂಕರಿಗಾಗಿ ಕಾದು ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಜನರಿಗೆ ಇಲ್ಲದ ನೀರನ್ನು ಹಕ್ಕಿಗೆ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಛಾವಣಿಯ ಮೇಲಿದೆ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 816 ಚದರ ಅಡಿಯ ಛಾವಣಿಯ ಮೇಲೆ ಬೀಳುವ ಮಳೆಯಲ್ಲಿ ಶೇಕಡ 80ರಷ್ಟನ್ನು ಹಿಡಿದರೂ ವರ್ಷಕ್ಕೆ ಸುಮಾರು 59 ಸಾವಿರ ಲೀಟರ್ ಆಗುತ್ತದೆ. ಅದರಲ್ಲಿ ಒಂದು ಪಾಲು ಹಿತ್ತಲಿನಲ್ಲಿ ಇಂಗಿದರೆ ಗಿಡಕ್ಕೂ ಬಂತು, ಅಂತರ್ಜಲಕ್ಕೂ ಬಂತು.

ಮೂರನೆಯದು ಆಸರೆ. ಕೆಳಗೆ ಹುಲ್ಲು ಮತ್ತು ತರಗೆಲೆ, ನಡುವೆ ಪೊದೆ, ಮೇಲೆ ಮರ ಹೀಗೆ ಮೂರು ಅಂತಸ್ತು ಇದ್ದರೆ ಬೇರೆ ಬೇರೆ ಜೀವಿಗಳಿಗೆ ಜಾಗ ಸಿಗುತ್ತದೆ. ಹಾಸಿದ ಹುಲ್ಲಿನ ಮೇಲೆ ನಾಲ್ಕು ವಿದೇಶಿ ಕುಂಡಗಳನ್ನಿಟ್ಟರೆ ಕಣ್ಣಿಗೆ ಅಂದ, ಹಕ್ಕಿಗೆ ಬಯಲು. ಕಾಂಪೌಂಡಿನ ಬದಲು ಲಕ್ಕಿ, ಆಡುಸೋಗೆ, ಮದರಂಗಿ, ದಾಸವಾಳದ ಜೀವಂತ ಬೇಲಿ ಹಾಕಿದರೆ ಖರ್ಚು ಕಡಿಮೆ. ಲಕ್ಕಿ ಮತ್ತು ಆಡುಸೋಗೆಯನ್ನು ದನ ಕುರಿಗಳು ಮೇಯುವುದಿಲ್ಲ. ಲಂಟಾನವನ್ನು ಮಾತ್ರ ಬೇಲಿಗೆ ತರಬಾರದು. ಅದರ ಬೀಜವನ್ನು ಹಕ್ಕಿಗಳೇ ಹರಡಿ ಊರ ಸುತ್ತಲಿನ ಕುರುಚಲನ್ನೆಲ್ಲ ಅದೇ ಆಕ್ರಮಿಸುತ್ತದೆ. ಕಾಂಪೌಂಡ್ ಕಟ್ಟಲೇಬೇಕಾದಲ್ಲಿ ಬುಡದಲ್ಲಿ ನೀರು ಹರಿಯುವ ಕಿಂಡಿಗಳನ್ನು ಬಿಟ್ಟರೆ ಕಪ್ಪೆ, ಓತಿಕ್ಯಾತಗಳಿಗೆ ಅದೇ ಬಾಗಿಲು.

ನಾಲ್ಕನೆಯದು ಮರಿ ಮಾಡಲು ಜಾಗ. ಕುಟ್ರು ಹಕ್ಕಿ ಒಣಗಿದ ಕೊಂಬೆಯಲ್ಲಿ ಪೊಟರೆ ಕೊರೆಯುತ್ತದೆ. ಹಳೆಯ ಮರಗಳ ಪೊಟರೆಗಳಲ್ಲಿ ಗಿಳಿ, ಗೊರವಂಕ, ಹಾಲಕ್ಕಿಗಳು ಗೂಡು ಮಾಡುತ್ತವೆ. ಮನೆ, ದಾರಿ, ತಂತಿಗಳ ಮೇಲೆ ಬೀಳುವ ಅಪಾಯವಿಲ್ಲದ ಒಣ ಕೊಂಬೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು. ಒಣ ಬಿದಿರಿನ ತುಂಡು ದುಂಬಿಗೆ ಮನೆಯಾಗುತ್ತದೆ. ಅನೇಕ ಬಗೆಯ ಒಂಟಿ ಜೇನುಗಳು ನೆಲದಲ್ಲಿಯೇ ಬಿಲ ಮಾಡುವುದರಿಂದ ಒಂದಿಷ್ಟು ಬರಿಯ ಮಣ್ಣೂ ಇರಬೇಕು. ಕಾಂಕ್ರೀಟ್ ಮನೆಯಲ್ಲಿ ಗುಬ್ಬಚ್ಚಿಗೆ ಸಂದಿ ಸಿಗದು. ಸುಮಾರು ಮೂರೂವರೆ ಸೆಂಟಿಮೀಟರ್ ಅಗಲದ ರಂಧ್ರವಿರುವ ಮರದ ಪೆಟ್ಟಿಗೆಯನ್ನು ಬೆಕ್ಕಿಗೆ ನಿಲುಕದ ಎತ್ತರದಲ್ಲಿ, ನೇರ ಬಿಸಿಲು ಬೀಳದ ಕಡೆ ತೂಗುಹಾಕಿದರೆ ಆ ಕೊರತೆ ತುಂಬುತ್ತದೆ.

ಜೋಡಣೆಯ ಲೆಕ್ಕ

ಇವೆಲ್ಲವೂ ಒಂದು ಮನೆಯ ಮಾತು. ಪಂಚಾಯಿತಿಗೆ ಬೇಕಾದುದು ಊರಿನ ಲೆಕ್ಕ. 30 ಅಡಿಗೆ 40 ಅಡಿಯ ನಿವೇಶನವನ್ನು ತೆಗೆದುಕೊಳ್ಳೋಣ. ಸುತ್ತಲೂ ಮೂರು ಅಡಿ ಬಿಟ್ಟು ಮನೆ ಕಟ್ಟಿದರೆ ಮನೆಯ ತಳ 24 ಅಡಿಗೆ 34 ಅಡಿ, ಎಂದರೆ 816 ಚದರ ಅಡಿ. ಉಳಿಯುವ ನೆಲ 384 ಚದರ ಅಡಿ. ಅಂತಹ 100 ಮನೆಗಳ ನೆಲ ಸೇರಿದರೆ 38,400 ಚದರ ಅಡಿ, ಸುಮಾರು 35 ಗುಂಟೆ. ಎಕರೆಗೆ ಐದು ಗುಂಟೆ ಮಾತ್ರ ಕಡಿಮೆ. ಓಡಾಟಕ್ಕೆ, ವಾಹನಕ್ಕೆ ಅರ್ಧವನ್ನು ಬಿಟ್ಟರೂ ಹದಿನೇಳು ಗುಂಟೆ ಮಣ್ಣು ಉಳಿಯುತ್ತದೆ. ಹದಿನೇಳು ಗುಂಟೆಯ ತೋಪನ್ನು ಹೊಸದಾಗಿ ಮಾಡಲು ಹೊರಟರೆ ಈ ಭಾಗದ ಭೂಮಿಯ ಬೆಲೆಯಲ್ಲಿ ಯಾವ ಪಂಚಾಯಿತಿಯ ಆದಾಯವೂ ಸಾಲದು. ಆ ಭೂಮಿ ಈಗಾಗಲೇ ಊರಿನೊಳಗೇ ಇದೆ, ಹಂಚಿಕೊಂಡು ಬಿದ್ದಿದೆ.

ಜೋಡಣೆ ಏಕೆ ಮುಖ್ಯ ಎಂಬುದಕ್ಕೆ ಕಾಡುಪಾಪ ಉತ್ತಮ ನಿದರ್ಶನ. ರಾತ್ರಿ ಸಂಚರಿಸುವ, ದೊಡ್ಡ ಕಣ್ಣಿನ ಈ ಪುಟ್ಟ ಪ್ರಾಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜಿಕೆವಿಕೆಯಂತಹ ಮರಗಳಿಂದ ಕೂಡಿದ ಆವರಣಗಳಲ್ಲಿ ಇಂದಿಗೂ ಉಳಿದಿದೆ. ಅದು ಕೋತಿಯಂತೆ ನೆಗೆಯಲಾರದು; ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ಹಿಡಿದೇ ದಾಟಬೇಕು. ಎರಡು ಮರಗಳ ನಡುವಿನ ಒಂದು ಕೊಂಬೆಯನ್ನು ಕಡಿದರೆ ಅದರ ದಾರಿಯೇ ಕಡಿಯಿತು. ನೆಲಕ್ಕಿಳಿದರೆ ನಾಯಿ, ತಂತಿಯನ್ನು ಹಿಡಿದರೆ ವಿದ್ಯುತ್ತು. ಕಪ್ಪೆಗೂ ಚಿಟ್ಟೆಗೂ ಇದೇ ಮಾತು ಬೇರೆ ಬಗೆಯಲ್ಲಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಕೆರೆಗೆ ಹೋಗಿ ಮೊಟ್ಟೆ ಇಡುವ ಕಪ್ಪೆಗೆ ಹಿತ್ತಲಿನಿಂದ ಕೆರೆಯವರೆಗೆ ತಣ್ಣನೆಯ, ಮಣ್ಣಿನ ದಾರಿ ಬೇಕು.

ಇದೇ ತಾಲ್ಲೂಕಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರಿಂದ ಸ್ಥಳೀಯರು ಮತ್ತು ಪಾಲಿಕೆ ಜೊತೆಗೂಡಿ ಪುನಶ್ಚೇತನಗೊಳಿಸಿದ ಸಂಗತಿ ಪ್ರಸಿದ್ಧವಾಗಿದೆ. ನೀರು ಬಂದ ಮೇಲೆ ಹಕ್ಕಿಗಳೂ ಬಂದವು. ಆದರೆ ಕೆರೆಯ ಸುತ್ತ ಕಾಂಕ್ರೀಟ್ ಒತ್ತಿಕೊಂಡಂತೆ ಕೆರೆ ದ್ವೀಪವಾಗುತ್ತದೆ. ಗ್ರಾಮಗಳಲ್ಲಿ ಇನ್ನೂ ಕೆರೆ, ಕಾಲುವೆ, ಗುಂಡುತೋಪು, ಅರಳಿಕಟ್ಟೆ, ಹಿತ್ತಲು ಇವು ಒಂದಕ್ಕೊಂದು ಹತ್ತಿರವಿವೆ. ಈ ಸರಪಳಿಯ ಕೊಂಡಿಗಳು ಕಳಚುವ ಮುನ್ನ ಹಿಡಿದಿಡುವುದೇ ಜಾಣತನ.

ಜನರ ಆತಂಕಗಳು

ಹಿತ್ತಲಿನ ಹಸಿರಿಗೆ ಬರುವ ಮೊದಲ ಆಕ್ಷೇಪ ಹಾವು. ಈ ಭಯವನ್ನು ಲಘುವಾಗಿ ಕಾಣಬಾರದು. ಹಾವಿನ ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದೆ. ನಾಗರಹಾವು, ಕೊಳಕುಮಂಡಲ, ಕಟ್ಟುಹಾವುಗಳಿಂದ ಜೀವಹಾನಿ ಆಗುವುದು ನಿಜ. ಹಾವನ್ನು ಮನೆಗೆ ಕರೆತರುವುದು ಸಾಮಾನ್ಯವಾಗಿ ಇಲಿ. ಇಲಿಯನ್ನು ಕರೆತರುವುದು ಬಯಲಿಗೆ ಸುರಿದ ಕಸ, ಚೆಲ್ಲಿದ ಕಾಳು, ಮುಚ್ಚದ ಚರಂಡಿ. ಗಿಡ ಕಡಿದು ಕಸವನ್ನು ಉಳಿಸಿಕೊಂಡ ಊರಿನಲ್ಲಿ ಹಾವು ಕಡಿಮೆಯಾಗದು. ಇಲಿ ತಿನ್ನುವ ಕಣಜಗೂಬೆ ಮತ್ತು ವಿಷವಿಲ್ಲದ ಕೇರೆಹಾವು ರೈತನ ಮಿತ್ರರು. ಗೂಬೆ ಕೂಗಿದರೆ ಕೇಡು ಎಂಬ ನಂಬಿಕೆಯಿಂದ ಅದನ್ನು ಓಡಿಸುವ ಮನೆ ಇಲಿಗಳಿಗೆ ಬಾಗಿಲು ತೆರೆದಂತೆ.

ಹಾಗೆಂದು ಎಚ್ಚರ ತಪ್ಪಬಾರದು. ಮನೆಯ ಗೋಡೆಯಿಂದ ಐದಾರು ಅಡಿ ಚೊಕ್ಕಟವಾಗಿರಲಿ. ಸೌದೆ, ತರಗೆಲೆ, ಪೊದೆಗಳು ಹಿತ್ತಲಿನ ದೂರದ ಅಂಚಿನಲ್ಲಿರಲಿ. ಬಚ್ಚಲು ಮತ್ತು ಶೌಚಾಲಯದ ದಾರಿಯಲ್ಲಿ ಗಿಡ ಬಾಗದಿರಲಿ. ರಾತ್ರಿ ಟಾರ್ಚು ಮತ್ತು ಪಾದರಕ್ಷೆ ಇಲ್ಲದೆ ಹೊರಗೆ ಹೋಗಬಾರದು. ಹಾವು ಕಡಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಹೋಗುವುದು ಇವೆಲ್ಲ ತಪ್ಪು. ಕಡಿದ ಅಂಗವನ್ನು ಅಲುಗಿಸದೆ, 108 ವಾಹನಕ್ಕೆ ಕರೆಮಾಡಿ, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸಿಡುವುದು ಸದಸ್ಯರು ಇಂದೇ ಮಾಡಬಹುದಾದ ಕೆಲಸ.

ಎರಡನೆಯ ಆಕ್ಷೇಪ ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿ ಮೊಟ್ಟೆ ಇಡುತ್ತದೆ; ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಹಕ್ಕಿಯ ತಟ್ಟೆಯ ನೀರನ್ನು ನಿತ್ಯ ಬದಲಿಸಿ, ವಾರಕ್ಕೆ ಎರಡು ಬಾರಿ ಅಂಚನ್ನು ಉಜ್ಜಿ ತೊಳೆಯಬೇಕು. ಆಗದವರು ತಟ್ಟೆಯನ್ನು ಇಡದಿರುವುದೇ ಮೇಲು. ಸೊಳ್ಳೆ ಬೆಳೆಯುವುದು ಗಿಡದ ಎಲೆಯಲ್ಲಿ ಅಲ್ಲ. ಬಿಸಾಡಿದ ಟೈರು, ತೆಂಗಿನ ಚಿಪ್ಪು, ಮುಚ್ಚದ ಸಂಪು, ಕಟ್ಟಡ ಕಾಮಗಾರಿಯ ಗುಂಡಿಗಳಲ್ಲಿ. 2024ರಲ್ಲಿ ತಂದ ನಿಯಮಗಳ ಪ್ರಕಾರ ಸೊಳ್ಳೆ ಬೆಳೆಯಲು ಬಿಟ್ಟ ಜಾಗದ ಮಾಲೀಕರಿಗೆ ದಂಡ ವಿಧಿಸಲು ಅವಕಾಶವಿದೆ. ಹೊಗೆ ಹಾಯಿಸುವುದರಿಂದ ಹಾರುವ ಸೊಳ್ಳೆಯ ಜೊತೆಗೆ ಚಿಟ್ಟೆ, ಜೇನುಗಳಿಗೂ ಹಾನಿ. ನೀರಿನಲ್ಲಿರುವ ಮರಿಗೆ ಅದು ತಾಕುವುದೇ ಇಲ್ಲ. ರೋಗ ಕಂಡುಬಂದಲ್ಲಿ ಆರೋಗ್ಯ ಇಲಾಖೆಯ ಸಲಹೆಯಂತೆ ಮಾತ್ರ ಹೊಗೆ ಹಾಯಿಸುವುದು ಸೂಕ್ತ.

ಮೂರನೆಯ ಮಾತು ಆಕ್ಷೇಪವಲ್ಲ, ನ್ಯಾಯದ ಪ್ರಶ್ನೆ. ಎಲ್ಲರಿಗೂ ಹಿತ್ತಲಿಲ್ಲ. ಆಶ್ರಯ ಮನೆಗಳ ಸಾಲಿನಲ್ಲಿ, ಕಾಲೋನಿಗಳಲ್ಲಿ, ವಲಸೆ ಕಾರ್ಮಿಕರ ಶೆಡ್ಡುಗಳಲ್ಲಿ ಗೋಡೆಗೆ ಗೋಡೆ ತಾಗಿರುತ್ತದೆ. ಹಿತ್ತಲಿನ ಮಾತು ಜಾಗವುಳ್ಳವರ ಮಾತಾಗಿ ನಿಲ್ಲಬಾರದು. ಅಂತಹ ಕೇರಿಗಳಿಗೆ ಅಂಗನವಾಡಿಯ ಅಂಗಳ, ಶಾಲೆಯ ಆವರಣ, ನೀರಿನ ಟ್ಯಾಂಕಿನ ಸುತ್ತಲಿನ ಜಾಗ, ಸ್ಮಶಾನದ ಅಂಚು ಇವೇ ಹಿತ್ತಲು. ಹಸಿರಿಗಾಗಿ ಪಂಚಾಯಿತಿ ಖರ್ಚು ಮಾಡುವ ಮೊದಲ ರೂಪಾಯಿ ಅಲ್ಲಿಗೆ ಹೋಗಬೇಕು.

ಪಂಚಾಯಿತಿ ಏನು ಮಾಡಬಹುದು?

ಮೊದಲನೆಯದಾಗಿ, ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಪ್ರಕರಣದಂತೆ ಈ ಸಮಿತಿಯನ್ನು ರಚಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಸಮಿತಿಯ ಮುಖ್ಯ ಕೆಲಸ. ಹಲವೆಡೆ ಸಮಿತಿ ಮತ್ತು ದಾಖಲಾತಿಗಳು ಕಡತದಲ್ಲಿಯೇ ಉಳಿದಿರುತ್ತವೆ. ಕಪಾಟಿನಿಂದ ಆ ಕಡತವನ್ನು ತೆಗೆದು ಓದಿ, ಹಿತ್ತಲುಗಳನ್ನೂ ಅದಕ್ಕೆ ಸೇರಿಸಬೇಕು. ಯಾವ ಮನೆಯಲ್ಲಿ ಹಳೆಯ ಹುಣಸೆ, ಯಾವ ಬೇಲಿಯಲ್ಲಿ ಔಷಧೀಯ ಬಳ್ಳಿ, ಯಾವ ಪೊಟರೆಯಲ್ಲಿ ಗೂಬೆ ಎಂಬುದು ಊರಿನ ಹಿರಿಯ ಹೆಂಗಸರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾನೂನಿನ ಅಡಿಯಲ್ಲಿ. 54 ಎಕರೆಯ ಆ ತೋಪಿನಂತಹುದು ಎಲ್ಲೆಡೆ ಇಲ್ಲದಿರಬಹುದು, ಆದರೆ ಕಾನೂನು ಎಲ್ಲೆಡೆ ಒಂದೇ.

ಎರಡನೆಯದಾಗಿ, ಕಟ್ಟಡ ಪರವಾನಗಿ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣ ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ಪಂಚಾಯಿತಿಗೆ ಒಪ್ಪಿಸಿದೆ. ಮನೆಯ ಸುತ್ತ ಬಿಡಬೇಕಾದ ಜಾಗದ ನಿಯಮ ಈಗಾಗಲೇ ಇದೆ. ಪರವಾನಗಿಯ ಜೊತೆಗೆ ಒಂದು ಪುಟದ ತಿಳಿವಳಿಕೆ ಪತ್ರವನ್ನು ಲಗತ್ತಿಸಿ, ಬಿಟ್ಟ ಜಾಗದಲ್ಲಿ ಅರ್ಧವನ್ನಾದರೂ ಮಣ್ಣಾಗಿಯೇ ಉಳಿಸಲು, ಛಾವಣಿಯ ನೀರನ್ನು ಅಲ್ಲಿಗೆ ತಿರುಗಿಸಲು, ಎರಡು ಗಿಡ ನೆಡಲು ಕೋರಬಹುದು. ಒತ್ತಾಯಕ್ಕಿಂತ ತಿಳಿವಳಿಕೆ ಹೆಚ್ಚು ದಿನ ಬಾಳುತ್ತದೆ. ಇರುವ ಮರವನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಬೇಕಾಗುತ್ತದೆ ಎಂಬುದನ್ನೂ ಅದರಲ್ಲಿ ತಿಳಿಸಬೇಕು.

ಮೂರನೆಯದಾಗಿ, ಬಡಾವಣೆಗಳ ಉದ್ಯಾನ ಜಾಗ ಮತ್ತು ಊರಿನ ಗುಂಡುತೋಪು. ಇವುಗಳ ಗಡಿಯನ್ನು ಅಳೆಸಿ ಗುರುತು ಹಾಕಿಸುವುದು ಗಿಡ ನೆಡುವುದಕ್ಕಿಂತ ಮೊದಲಿನ ಕೆಲಸ. ಗಡಿ ಇಲ್ಲದ ತೋಪಿನಲ್ಲಿ ನೆಟ್ಟ ಗಿಡ ಒತ್ತುವರಿದಾರನ ಪಾಲು. ಗಡಿ ನಿಂತ ಮೇಲೆ ಹೊಂಗೆ, ನೇರಳೆ, ಬೇವು, ಅತ್ತಿ, ಬಸರಿಗಳನ್ನು ನೆಡಬಹುದು.

ನಾಲ್ಕನೆಯದಾಗಿ, ಪರಿಚಿತ ಕಾಮಗಾರಿಗಳ ಮರುಜೋಡಣೆ. ಬಚ್ಚಲುಗುಂಡಿ, ಪೌಷ್ಟಿಕ ಕೈತೋಟ, ಎರೆಹುಳು ಗೊಬ್ಬರದ ತೊಟ್ಟಿ, ಮಳೆನೀರಿನ ಇಂಗುಗುಂಡಿ ಇವು ಉದ್ಯೋಗ ಖಾತರಿಯ ಮೂಲಕ ಸದಸ್ಯರಿಗೆ ಚಿರಪರಿಚಿತ. ಇವನ್ನು ಬಿಡಿಬಿಡಿಯಾಗಿ ಮಾಡದೆ ಒಂದೇ ಬೀದಿಯ ಸಾಲಾಗಿ ಮಾಡಿದರೆ ಹಿತ್ತಲುಗಳ ಸರಪಳಿ ತಾನಾಗಿಯೇ ಮೂಡುತ್ತದೆ.

ಐದನೆಯದಾಗಿ, ಖರ್ಚಿಲ್ಲದ ಕೆಲವು ಕ್ರಮಗಳು. ಬೀದಿದೀಪ ರಸ್ತೆಗೆ ಬೆಳಕು ಚೆಲ್ಲಲಿ, ಮರದ ನೆತ್ತಿಗೆ ಅಲ್ಲ. ತರಗೆಲೆಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ ಗೊಬ್ಬರ ಮಾಡಿಸಬೇಕು. ವಿದ್ಯುತ್ ತಂತಿಗಾಗಿ ಕೊಂಬೆ ಕತ್ತರಿಸುವಾಗ ಪಂಚಾಯಿತಿಯ ಸಿಬ್ಬಂದಿ ಒಬ್ಬರು ಸ್ಥಳದಲ್ಲಿದ್ದು, ಗೂಡಿರುವ ಕೊಂಬೆಯನ್ನು ತೋರಿಸಬೇಕು. ತೆರೆದ ಬಾವಿ, ತೊಟ್ಟಿಗಳಿಗೆ ಬಿದ್ದ ಅಳಿಲು, ಕಪ್ಪೆಗಳು ಹತ್ತಿ ಬರಲು ಒಂದು ಓರೆ ಹಲಗೆಯನ್ನು ಇರಿಸಬೇಕು.

ಎಲ್ಲಿಂದ ಆರಂಭಿಸಬೇಕು?

ಇಡೀ ಪಂಚಾಯಿತಿಯಲ್ಲಿ ಏಕಕಾಲಕ್ಕೆ ಆರಂಭಿಸುವುದು ಬೇಡ. ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಕೆರೆಗೋ ತೋಪಿಗೋ ಹೊಂದಿಕೊಂಡ ಒಂದು ಬೀದಿಯನ್ನು ಆರಿಸಿಕೊಳ್ಳಲಿ. ಮುಂದಿನ ವಾರ್ಡ್ ಸಭೆಯಲ್ಲಿ ಆ ಬೀದಿಯ ಮನೆಗಳ ಪಟ್ಟಿ ಓದಿಸಿ, ಯಾವ ಹಿತ್ತಲಿನಲ್ಲಿ ಮಣ್ಣು ಉಳಿದಿದೆ, ಎಲ್ಲಿ ಮರವಿದೆ, ಎಲ್ಲಿ ಕೊಂಡಿ ಕಳಚಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಗುರುತಿಸಲಿ. ಮಳೆಗಾಲಕ್ಕೆ ಮೊದಲು ಕಳಚಿದ ಕೊಂಡಿಗಳಲ್ಲಿ ಮಾತ್ರ ಗಿಡ ನೆಡಿಸಲಿ. ನೆಟ್ಟ ಗಿಡದ ಎಣಿಕೆಗಿಂತ ಎರಡನೆಯ ಬೇಸಿಗೆಯನ್ನು ದಾಟಿದ ಗಿಡದ ಎಣಿಕೆ ಮುಖ್ಯ. ಶಾಲಾ ಮಕ್ಕಳು ವರ್ಷಕ್ಕೆರಡು ಬಾರಿ ಆ ಬೀದಿಯ ಹಕ್ಕಿ, ಚಿಟ್ಟೆಗಳನ್ನು ಎಣಿಸಿ ಬರೆದಿಟ್ಟರೆ ಮೂರು ವರ್ಷಗಳಲ್ಲಿ ಪಂಚಾಯಿತಿಯ ಬಳಿ ತನ್ನದೇ ಆದ ಲೆಕ್ಕವಿರುತ್ತದೆ.

ದಂಡು ಪ್ರದೇಶದ ಆವರಣಗಳು ಹೋಳಾದಾಗ ಅವುಗಳ ಮಾಲೀಕರನ್ನು ಒಂದೆಡೆ ಕೂಡಿಸಿ ಮಾತನಾಡಿಸುವ ಸಭೆ ಇರಲಿಲ್ಲ. ಗ್ರಾಮಗಳಿಗೆ ಆ ಸಭೆ ಇದೆ. ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ ಅಕ್ಕಪಕ್ಕದ ಹಿತ್ತಲಿನವರು ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಆ ಸಭೆಯನ್ನು ಕರೆಯುವ ಅಧಿಕಾರ ಇಲ್ಲಿ ನೆರೆದಿರುವವರ ಕೈಯಲ್ಲಿದೆ.